ಊಟದ ಚೀಟಿ

ಮಂಡ್ಯದ ಬಸ್ ನಿಲ್ದಾಣದ ಹಿಂದೆ ನಮ್ಮ ಲಾಡ್ಜು,
ಕೌಂಟರಿನ ಪಕ್ಕ ಎಂಟಡಿ ಗಾಜು,
ಗಾಜಿನೊಳಗೆ ಮೊಳ ಮೀರಿದ ಅರೋವಾನಾ,
ಓನರು ಚಲುವಯ್ಯನವರ ವಾಸ್ತು.
ರಾತ್ರಿ ಪಾಳಿಗೆ ನಾನು, ಅದು, ಮಿಣುಕುವ ಟ್ಯೂಬ್‌ಲೈಟು.

ಶನಿವಾರ ಸಂಜೆ ಅದಕ್ಕೆ ಔತಣ.
ಪ್ಲಾಸ್ಟಿಕ್ ಚೀಲದಲ್ಲಿ ಇಪ್ಪತ್ತು ಗೋಲ್ಡ್‌ಫಿಶ್,
ಓನರು ಒಂದೊಂದೇ ಬಿಡುವುದು,
ರೂಮಿನವರು ಮಕ್ಕಳನ್ನೆತ್ತಿ ತೋರಿಸುವುದು.
ಅದು ಬಾಯಿ ತೆರೆದದ್ದು ಯಾರಿಗೂ ಕಾಣುವುದಿಲ್ಲ,
ಮುಚ್ಚಿದ್ದು ಮಾತ್ರ.
ಆಮೇಲೆ ಚಪ್ಪಾಳೆ.
ನಾನು ಲೆಡ್ಜರಿನಲ್ಲಿ ಮುಖ ಹುದುಗಿಸಿ
ಹದಿನಾಲ್ಕನೇ ರೂಮಿನ ಅಡ್ವಾನ್ಸ್ ಬರೆಯುತ್ತಿದ್ದೆ,
ಬರೆದದ್ದನ್ನೇ ಮತ್ತೆ ತಿದ್ದುತ್ತಿದ್ದೆ.

ಆಷಾಢಕ್ಕೆ ಮೀನಿನ ಮೈಮೇಲೆ
ರವೆ ಚೆಲ್ಲಿದ ಹಾಗೆ ಬಿಳಿ ಚುಕ್ಕೆ.
ಮೈಸೂರಿನಿಂದ ಅಕ್ಮಲ್ ಬಂದ, ಟಾರ್ಚು ಬಿಟ್ಟು ನೋಡಿದ.
‘ಆ ಚೀಲದ ಮೀನಲ್ಲಿ ಏನಿದೆ ಅಂತ ಹಾಕ್ತೀರಿ?
ಅದರ ರೋಗ ಇದಕ್ಕೆ, ಸತ್ವ ಸೊನ್ನೆ.
ಕೋಳಿ ಹಾರ್ಟು ಕೇಳಲೇಬೇಡಿ, ಕೊಬ್ಬು ಲಿವರಲ್ಲಿ ಕೂರುತ್ತೆ.’
ಲಾಡ್ಜಿನ ರಸೀದಿಯ ಬೆನ್ನಿಗೆ ಬರೆದುಕೊಟ್ಟ:
ಸಿಗಡಿ, ಸಿಪ್ಪೆ ಸಮೇತ, ಬಣ್ಣ ಇರುವುದು ಸಿಪ್ಪೆಯಲ್ಲಿ;
ಎರೆಹುಳು, ಔಷಧಿ ಹೊಡೆಯದ ಗದ್ದೆಯದು;
ನೂಲು ಬಿಚ್ಚಿದ ರೇಷ್ಮೆಗೂಡಿನ ಹುಳ ವಾರಕ್ಕೊಮ್ಮೆ,
ಅದು ಹೋಳಿಗೆ ಇದ್ದಂಗೆ;
ನಿಧಾನಕ್ಕೆ ಗುಳಿಗೆ ರೂಢಿ ಮಾಡಿ.
ದಿನಾ ಬೇಡ. ದಿನ ಬಿಟ್ಟು ದಿನ.

ಜೇಬಿಗಿಟ್ಟೆ.
ಅಲ್ಲಿ ಆಗಲೇ ಇನ್ನೊಂದು ಚೀಟಿ ಇತ್ತು,
ಜಿಲ್ಲಾಸ್ಪತ್ರೆಯ ಡಯಟ್ ಮೇಡಂ ಬರೆದದ್ದು:
ಅರ್ಧ ಮುದ್ದೆ, ಸೊಪ್ಪು, ರಾತ್ರಿ ಅನ್ನ ಬೇಡ,
ಬೆಲ್ಲದ ಎದುರು ಎರಡು ಗೆರೆ.

ಸಂತೆಯಲ್ಲಿ ಸಣ್ಣತಾಯಮ್ಮ ನನ್ನ ಹಣೆ ನೋಡಿದಳು,
ಶಿವದಾರ ನೋಡಿದಳು.
‘ಇಬೂತಿ ಬಳ್ಕಂಡು ಸಿಗಡಿ ಕೇಳ್ತೀರಲ್ಲ ಸ್ವಾಮಿ?’
‘ನನಗಲ್ಲ ಕಣವ್ವ.’
‘ಎಲ್ಲಾರೂ ಅಂಗೇ ಅನ್ನದು’ ಎಂದು
ತಾಜಾದ್ದನ್ನೇ ಆರಿಸಿ ತೂಗಿದಳು,
ತಲೆ ಗಟ್ಟಿ ಕೂತಿರಬೇಕು, ಮೂಸಿದರೆ ಹೊಳೆ ವಾಸನೆ ಬರಬೇಕು,
ಕೊಳಕು ನಾತ ಬಂದರೆ ನನ್ನ ಮಖಕ್ಕೆ ಎಸೀರಿ ಎಂದು
ಪಾಠ ಹೇಳಿ, ನನ್ನನ್ನೇ ಮೂಸಿಸಿದಳು.

ಮನೆಯ ಫ್ರಿಜ್ಜಿಗೆ ಸರ್ವಮಂಗಳೆ ಒಪ್ಪಲಿಲ್ಲ.
ಲಾಡ್ಜಿನದರಲ್ಲಿ, ನೀರಿನ ಬಾಟಲಿಗಳ ಕೆಳಗೆ ಇಟ್ಟೆ.
ಎಡಗೈ ಲಿಂಗಕ್ಕೆ, ಬಲಗೈ ಸಿಗಡಿಗೆ
ಎಂದು ನನ್ನೊಳಗೇ ಒಂದು ಕರಾರು.
ಮೊದಲ ಸಲ ಕತ್ತರಿಸುವಾಗ
ಕ್ಯಾಲೆಂಡರಿನ ಕಡೆ ತಿರುಗಿ ಕತ್ತರಿಸಿದೆ.

ಅದು ತಿನ್ನಲಿಲ್ಲ.
ಮೂರನೇ ದಿನ ಮೂಸಿತು, ಉಗುಳಿತು.
ಆರನೇ ದಿನ ಬೆನ್ನು ತೋರಿಸಿತು.
‘ವಾಸ್ತುವನ್ನೇ ಉಪವಾಸ ಕೆಡವಿದೆಯಲ್ಲಯ್ಯ’
ಎಂದು ಓನರು ಎರಡು ಗೋಲ್ಡ್‌ಫಿಶ್ ತಂದುಕೊಟ್ಟರು.
ಹೂಂ ಎಂದೆ.
ನಲ್ಲಿ ಕೆಟ್ಟು ಬೀಗ ಹಾಕಿದ್ದ ಒಂಬತ್ತನೇ ರೂಮಿನ
ಬಕೆಟ್ಟಿನಲ್ಲಿ ಬಿಟ್ಟೆ.

ಹತ್ತನೇ ರಾತ್ರಿ ಎರಡು ಗಂಟೆಗೆ
ಡ್ರಾಯರಿನಿಂದ ಒಂದು ಅಚ್ಚು ಬೆಲ್ಲ ತೆಗೆದೆ.
ಆಲೆಮನೆಯಿಂದ ಷಡ್ಡಕ ಕಳಿಸಿದ್ದು.
ಕಚ್ಚುವಾಗ ತಲೆಯೆತ್ತಿದರೆ
ಗಾಜಿಗೆ ಒತ್ತಿ ನಿಂತಿದೆ,
ಕೆಳಕ್ಕೆ ಜೋತ ಒಂದು ಕಣ್ಣು ನೇರ ನನ್ನ ಕೈ ಮೇಲೆ.
ಎಷ್ಟು ಹೊತ್ತು ನಿಂತಿತೋ.
ಬೆಲ್ಲ ಬಾಯಲ್ಲಿ ಕರಗಿತು, ಅದನ್ನೇನೂ ಉಗುಳಲಿಲ್ಲ,
ಸುಳ್ಳು ಯಾಕೆ ಹೇಳಲಿ.
ಮಿಕ್ಕಿದ್ದನ್ನು ಕಾಗದದಲ್ಲಿ ಸುತ್ತಿ
ರೂಮ್‌ಬಾಯ್ ಕೆಂಪರಾಜುವಿಗೆಂದು ತೆಗೆದಿಟ್ಟೆ.

ಹನ್ನೊಂದು. ಮೂರೂ ನಲವತ್ತು.
ಕೊಳ್ಳೇಗಾಲದ ಬಸ್ಸು ಹೊರಗೆ ಗುರುಗುಡುತ್ತಿತ್ತು,
ಇಕ್ಕಳದಲ್ಲಿ ಸಿಗಡಿ ಹಿಡಿದು ನೀರಿನ ಮೇಲೆ ಸುಮ್ಮನೆ ಆಡಿಸಿದೆ,
ತಿನ್ನಲಿ ಎಂದಲ್ಲ, ನಿದ್ದೆ ತಡೆಯಲು.
ಮೊದಲು ಗಲ್ಲದ ಎರಡು ಮೀಸೆ ಮೇಲೆದ್ದವು.
ಆಮೇಲೆ ಕದದ ಹಾಗೆ, ನಿಧಾನ,
ಬಾಯಿ ತೆರೆಯಿತು.
ಒಳಗೆ ತೆಳು ಗುಲಾಬಿ,
ಎಳೆ ಮಗುವಿನ ಅಂಗುಳದ ಬಣ್ಣ.

ಚಪ್ಪಾಳೆಗೆ ಯಾರೂ ಇರಲಿಲ್ಲ.
ಲೆಡ್ಜರಿನ ಅಂಚಿನಲ್ಲಿ ಬರೆದೆ:
ಸಿಗಡಿ ಒಂದು. ಬಾಲ ಬಿಟ್ಟಿದೆ.